ಲೇಸರ್ ರೂಮಿನ ಮಾಷ್ಟ್ರು

ಪಾಲಿಟೆಕ್ನಿಕ್‌ನಲ್ಲಿ ಓದಿದ ಪಾಠಗಳಲ್ಲಿ ಅರ್ಧ ಮರೆತುಹೋಗಿದೆ. ವರ್ಕ್‌ಶಾಪಿನ ಮೂಲೆಯಲ್ಲಿ ಲೇಸರ್ ಕಟಿಂಗ್ ಮೆಷಿನ್ ಇದ್ದ ರೂಮು, ಅಲ್ಲಿ ದಪ್ಪ ಅಳೆಯುವ ವರ್ನಿಯರ್ ಹಿಡಿದು ನಿಲ್ಲುತ್ತಿದ್ದ ಮಾಷ್ಟ್ರು ಮಾತ್ರ ಮರೆತಿಲ್ಲ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರು ಕಲಿಸಿದ ಕೆಲಸವನ್ನು ಬರೆದಿಡುವುದೇ ಅವರಿಗೆ ಸಲ್ಲಬೇಕಾದ ಗೌರವ.

"ಅಳತೆ ತೆಗೆದಾಯ್ತಾ ಮಾರಾಯ?" ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನ ಶೀಟು ಮೆಷಿನ್ನಿನ ಬೆಡ್ಡಿನ ಮೇಲೆ ಬರುವ ಮೊದಲೇ ಅವರ ಪ್ರಶ್ನೆ. ಬಿಲ್ಲಿನಲ್ಲಿ 3 ಮಿ.ಮೀ. ಎಂದಿದ್ದರೂ ಅಚ್ಚಿಗೆ ಸುರಿದು ಮಾಡಿದ ಕಾಸ್ಟ್ ಶೀಟು ಒಂದು ಮೂಲೆಯಲ್ಲಿ 2.8, ಇನ್ನೊಂದರಲ್ಲಿ 3.2 ಇರುವುದುಂಟು. ಸ್ಮರಣಿಕೆ ತನ್ನ ಸ್ಲಾಟಿನಲ್ಲಿ ಅಲುಗಾಡುವುದು ಇದರಿಂದಲೇ. ಕರಗಿಸಿ ಒತ್ತಿ ಎಳೆದ ಎಕ್ಸ್‌ಟ್ರೂಡೆಡ್ ಶೀಟಿನ ದಪ್ಪ ಹೆಚ್ಚು ಸಮ, ಬೆಲೆಯೂ ಕಡಿಮೆ. ಆದರೆ ಬೇಗ ಕರಗಿ ಕೆಳ ಅಂಚಿನಲ್ಲಿ ಗಂಟುಗಟ್ಟುತ್ತದೆ, ಕೆತ್ತಿದ ಅಕ್ಷರ ಬೆಳ್ಳಗೆ ಎದ್ದು ಕಾಣುವುದಿಲ್ಲ.

ಆಮೇಲೆ ಕೆರ್ಫ್, ಅಂದರೆ ಲೇಸರ್ ಸುಟ್ಟು ತೆಗೆಯುವ ಅಗಲ. 10 ಮಿ.ಮೀ. ಅಗಲದ 10 ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ, ನಡುವೆ ಒಂದೇ ಗೆರೆ ಇರುವಂತೆ ಕತ್ತರಿಸಿ, ಒತ್ತಿ ಜೋಡಿಸಿ ಅಳೆಯಿಸುತ್ತಿದ್ದರು. 98 ಮಿ.ಮೀ. ಬಂದರೆ ಕೊರತೆ 2. ಹತ್ತರಿಂದ ಭಾಗಿಸಿದರೆ ಕೆರ್ಫ್ 0.2. ಅದರ ಅರ್ಧದಷ್ಟು ಹೊರಗೆರೆಯನ್ನು ಹೊರಕ್ಕೆ, ತೂತಿನ ಗೆರೆಯನ್ನು ಒಳಕ್ಕೆ ಸರಿಸಬೇಕು. ಲೆನ್ಸ್ ಅಥವಾ ದಪ್ಪ ಬದಲಾದರೆ ಲೆಕ್ಕ ಮತ್ತೆ ಮೊದಲಿನಿಂದ. ತೂತುಗಳು ಮೊದಲು, ಹೊರಗೆರೆ ಕೊನೆಗೆ. ಇಲ್ಲದಿದ್ದರೆ ತುಂಡು ಕೆಳಗೆ ಜಾರಿ ತೂತು ಓರೆಯಾಗುತ್ತದೆ.

ಗಾಜಿನಂತೆ ಹೊಳೆಯುವ ಅಂಚಿನ ಗುಟ್ಟು ಲೇಸರ್ ಜೊತೆ ನಳಿಗೆಯಿಂದ ಊದುವ ಗಾಳಿಯಲ್ಲಿದೆ. ಜೋರಾಗಿ ಊದಿದರೆ ಕರಗಿದ ಅಂಚು ತಟ್ಟನೆ ತಣಿದು ಮಸುಕಾಗುತ್ತದೆ. ಮೆಲ್ಲಗೆ ಊದಬೇಕು, ಆದರೆ ಪೂರ್ತಿ ನಿಲ್ಲಿಸಬಾರದು: ಅಕ್ರಿಲಿಕ್ ಹೊತ್ತಿಕೊಳ್ಳುವ ವಸ್ತು, ಮೆಷಿನ್ ಓಡುವಾಗ ಒಬ್ಬರು ಎದುರಿಗೇ ಇರಬೇಕು. ಒಂದೇ ಸಲಕ್ಕೆ ಕತ್ತರಿಸುವ ವೇಗ ಹುಡುಕಬೇಕು. ಎರಡನೇ ಸಲ ಓಡಿಸಿದರೆ ಅಂಚಿನಲ್ಲಿ ಗೀರು ಏಳುತ್ತದೆ.

ಬೋರ್ಡಿಗೆ ಕನ್ನಡ ಅಕ್ಷರ ಕತ್ತರಿಸುವುದು ಬೇರೆಯೇ ವಿದ್ಯೆ. ಎಷ್ಟೋ ಫಾಂಟುಗಳಲ್ಲಿ ಅಕ್ಷರದ ಭಾಗಗಳು ಒಂದರ ಮೇಲೊಂದು ಕೂತಿರುತ್ತವೆ. ಕಂಪ್ಯೂಟರಿನಲ್ಲಿ ಅಕ್ಷರವನ್ನು ಕರ್ವ್ (ಬರೀ ಗೆರೆ) ಮಾಡಿ, ಭಾಗಗಳನ್ನು ವೆಲ್ಡ್ ಮಾಡಿ ಒಂದಾಗಿಸದಿದ್ದರೆ ಕೊಂಬು, ಗುಣಿಸು ತುಂಡಾಗಿ ಉದುರುತ್ತವೆ. ಒತ್ತಕ್ಷರದ ಸಪೂರ ಬಾಲದಲ್ಲಿ ಎರಡು ಗೆರೆಗಳು ಹತ್ತಿರ ಬಂದು ಶಾಖ ಸೇರುವುದರಿಂದ ಅದು ಬಗ್ಗುತ್ತದೆ. ತಿರುವುಗಳಲ್ಲಿ ಲೇಸರ್ ತಲೆ ನಿಧಾನವಾಗುವುದರಿಂದ ಅಲ್ಲಿಯ ಮಿನಿಮಮ್ ಪವರ್ ಇಳಿಸಿಡಬೇಕು.

ಒಮ್ಮೆ ಮಧ್ಯಾಹ್ನ ಊಟದ ಹೊತ್ತಲ್ಲಿ ಹಿಂದಿನ ಬೆಂಚಿನವರು ಕೀಚೈನ್ ಮಾಡಲು ಯಾವುದೋ ಬಿಳಿ ಶೀಟು ತಂದು ಗುಟ್ಟಾಗಿ ಮೆಷಿನ್‌ಗೆ ಇಟ್ಟಿದ್ದರು. ಮಾಷ್ಟ್ರು ಬಂದವರೇ ಸ್ವಿಚ್ ಆರಿಸಿದರು. ಬೈಗುಳ ಇಲ್ಲ. ತಾಮ್ರದ ತಂತಿಯನ್ನು ಕಾಯಿಸಿ ಶೀಟಿಗೆ ಮುಟ್ಟಿಸಿ, ಕಿಟಕಿಯ ಬಳಿ ಮತ್ತೆ ಬೆಂಕಿಗೆ ಹಿಡಿದರು. ಜ್ವಾಲೆ ಹಸಿರಾಯಿತು. ಅದು ಪಿವಿಸಿ! ಅದರಲ್ಲಿ ಕ್ಲೋರಿನ್ ಇದೆ, ಲೇಸರ್ ತಾಗಿದರೆ ಏಳುವ ಆಮ್ಲದ ಹೊಗೆ ಶ್ವಾಸಕೋಶವನ್ನೂ ಮೆಷಿನ್ನಿನ ಕಬ್ಬಿಣವನ್ನೂ ತಿನ್ನುತ್ತದೆ ಎಂದರು. ಆ ಹಸಿರು ನೋಡಿದ ಯಾರೂ ಮತ್ತೆ ಪಿವಿಸಿ ಮುಟ್ಟಲಿಲ್ಲ.

ಮಂಗಳೂರಿನ ಜುಲೈ ತಿಂಗಳಿಗೆ ಅವರದ್ದೇ ಒಂದು ನಿಯಮ: ಲೇಸರ್ ಟ್ಯೂಬನ್ನು ತಣಿಸುವ ಚಿಲ್ಲರ್ ನೀರನ್ನು 18 ಡಿಗ್ರಿಗೆ ಇಳಿಸಬೇಡಿ. ಇಲ್ಲಿಯ ತೇವಕ್ಕೆ ಟ್ಯೂಬಿನ ಮೇಲೆ ನೀರು ಕೂರುತ್ತದೆ, ಹೈ ವೋಲ್ಟೇಜ್ ತುದಿಯಲ್ಲಿ ಕಿಡಿ ಹಾರುತ್ತದೆ. ಕತ್ತರಿಸಿದ ತುಂಡನ್ನು ಸ್ಪಿರಿಟ್‌ನಿಂದ ಒರೆಸಲೂ ಬಿಡುತ್ತಿರಲಿಲ್ಲ. ಶಾಖದ ಒತ್ತಡ ಉಳಿದಿರುವ ಅಂಚು ಸಣ್ಣಗೆ ಸೀಳುತ್ತದೆ. ಸಾಬೂನು ನೀರು, ಮೆತ್ತನೆಯ ಬಟ್ಟೆ, ಅಷ್ಟೆ.

ಈಗ ನನ್ನ ಅಂಗಡಿಗೆ ತರಬೇತಿಗೆ ಬರುವ ಮಕ್ಕಳು ಸ್ಪೀಡು, ಪವರ್ ಎರಡನ್ನೂ ಮೊಬೈಲಿನಿಂದ ಓದಿ ಹೇಳುತ್ತಾರೆ. ಯಾರದೋ ಟ್ಯೂಬಿನ ಅಂಕಿ ನಮ್ಮ ಟ್ಯೂಬಿಗೆ ಹೇಗೆ ಹೊಂದೀತು? ಶೀಟು ದುಬಾರಿ ಎಂದು ಕಾಲೇಜಿನ ಲ್ಯಾಬಿನಲ್ಲಿ ಕೈಯಾಡಿಸಲು ಬಿಡುವುದಿಲ್ಲವಂತೆ. ನನ್ನಲ್ಲಿ ವಾರಕ್ಕೊಂದು ಗೋಣಿ ಕಾಸ್ಟ್ ಅಕ್ರಿಲಿಕ್ ತುಂಡು ಉಳಿಯುತ್ತದೆ. ಕಾಲೇಜಿನವರು ಒಪ್ಪಿದರೆ ಹತ್ತು ಪಟ್ಟಿಗಳ ಆ ಪರೀಕ್ಷೆಗೆಂದು ನಾನೇ ತಂದುಕೊಡುತ್ತೇನೆ.