ಗ್ರನಾಡಾದಲ್ಲಿ ಎರಡು ದಿನ: ಮೊದಲು ಅಲ್ಹಂಬ್ರಾ ಟಿಕೆಟ್, ಮಿಕ್ಕಿದ್ದೆಲ್ಲ ಆಮೇಲೆ

ವಿಮಾನ, ರೂಮು, ರೈಲು ಎಲ್ಲ ಬುಕ್ ಮಾಡಿ ಕೊನೆಗೆ ಅಲ್ಹಂಬ್ರಾ ಎಂಬ ಕೋಟೆ-ಅರಮನೆಯ ಟಿಕೆಟ್ ಹುಡುಕಲು ಕೂತರೆ ಸ್ಪೇನಿನ ಗ್ರನಾಡಾ ಕೈಕೊಡುತ್ತದೆ. ಅದರೊಳಗೆ ಎಲ್ಲರೂ ನೋಡಬೇಕೆಂದು ಬರುವ, ಹಿಂದಿನ ಮುಸ್ಲಿಂ ರಾಜವಂಶದ ನಸ್ರಿದ್ ಅರಮನೆಗಳಿಗೆ ಪ್ರತಿ ಅರ್ಧ ಗಂಟೆಗೆ ಇಷ್ಟೇ ಜನ ಎಂಬ ಮಿತಿಯಿದೆ. ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ ವಾರಗಳ ಮೊದಲೇ ಟಿಕೆಟ್ ಮುಗಿದಿರುತ್ತದೆ. ಬೆಂಗಳೂರಿನಿಂದ ಹೊರಡುವವರಿಗೆ ವೀಸಾ ಒಂದು ತೊಡಕು. ಷೆಂಗನ್ (ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಕೊಡಬಹುದು. ಆದಷ್ಟು ಬೇಗ ಕೊಟ್ಟು, ವೀಸಾ ಕೈಗೆ ಬಂದ ದಿನವೇ ಟಿಕೆಟ್ ತೆಗೆದುಕೊಳ್ಳಿ. ಆ ಟಿಕೆಟ್ಟಿನ ಸಮಯ ನೋಡಿಕೊಂಡು ರೈಲು, ರೂಮು ಗೊತ್ತುಮಾಡಿ.

ಬುಕ್ ಮಾಡುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಟಿಕೆಟ್ಟಿನಲ್ಲಿ 'ಪಲಾಸಿಯೋಸ್ ನಸರಿಯೆಸ್' (ನಸ್ರಿದ್ ಅರಮನೆಗಳು) ಎಂದು ಬರೆದಿದೆಯೇ ನೋಡಿ. ತೋಟ, ಹೆನರಲೀಫೆ (ದೊರೆಗಳ ಬೇಸಿಗೆಯ ಬಿಡಾರ), ಅಲ್ಕಸಾಬಾ ಕೋಟೆ ಮಾತ್ರ ತೋರಿಸುವ ಅಗ್ಗದ ಟಿಕೆಟ್ಟೂ ಇದೆ, ಅದರಲ್ಲಿ ಅರಮನೆ ಇಲ್ಲ. ಮಧ್ಯವರ್ತಿಗಳು ಇದನ್ನೇ 'ಅಲ್ಹಂಬ್ರಾ ಪ್ರವಾಸ' ಎಂದು ದುಬಾರಿ ಬೆಲೆಗೆ ಮಾರುತ್ತಾರೆ. ಅರಮನೆಯೊಳಗಿನ ಸಿಂಹಗಳ ಅಂಗಳ ನೋಡದೆ ಮೂರು ಗಂಟೆ ತೋಟ ಸುತ್ತಿದವರು ಮೋಸ ಹೋಗಿದ್ದು ಇಲ್ಲಿಯೇ. ಅಧಿಕೃತ ತಾಣದಲ್ಲಿ ಟಿಕೆಟ್ ಮುಗಿದಿದ್ದರೆ 'ಗ್ರನಾಡಾ ಕಾರ್ಡ್' ಅಥವಾ 'ದೊಬ್ಲಾ ದೆ ಓರೋ' ಎಂಬ, ಹಲವು ತಾಣಗಳಿಗೆ ಸೇರಿಸಿ ಕೊಡುವ ಟಿಕೆಟ್ ನೋಡಿ. ಎರಡರಲ್ಲೂ ಅಲ್ಹಂಬ್ರಾ ಸೇರಿದೆ.

ಟಿಕೆಟ್ ಹೆಸರಿನ ಮೇಲೆ ಇರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು. ನಮ್ಮವರಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇನ್ನು ಕೆಲವರಿಗೆ ಇನಿಶಿಯಲ್ ಬಿಡಿಸಿ ತಂದೆಯ ಹೆಸರು, ಊರಿನ ಹೆಸರು ಸೇರಿರುತ್ತದೆ. ಸ್ಪೇನಿನ ಫಾರಂ ಸರ್‌ನೇಮ್ ಕೇಳಿಯೇ ಕೇಳುತ್ತದೆ. ಹೆಸರಿನ ಎರಡು ಭಾಗವಿದ್ದರೆ ಒಂದನ್ನು ಅಲ್ಲಿ ಹಾಕಿ, ಒಂದೇ ಇದ್ದರೆ ಅದನ್ನೇ ಎರಡೂ ಕಡೆ ಹಾಕಿ. ಪಾಸ್‌ಪೋರ್ಟ್ ನಂಬರ್ ಮಾತ್ರ ಒಂದಕ್ಷರವೂ ತಪ್ಪಬಾರದು. 12 ವರ್ಷದೊಳಗಿನ ಮಕ್ಕಳಿಗೆ ಹಣವಿಲ್ಲ, ಆದರೆ ಅವರಿಗೂ ಟಿಕೆಟ್ ತೆಗೆದುಕೊಳ್ಳಬೇಕು.

ಟಿಕೆಟ್ಟಿನ ಮೇಲಿನ ಸಮಯ ಅರಮನೆಯ ಬಾಗಿಲಿನದು, ಕೋಟೆಯ ಹೊರಬಾಗಿಲಿನದಲ್ಲ. ಹೆನರಲೀಫೆ ಕಡೆಯ ಮುಖ್ಯ ದ್ವಾರದಿಂದ ಅರಮನೆಗೆ ಕಾಲು ಗಂಟೆ ನಡಿಗೆ, ವಯಸ್ಸಾದವರಿಗೆ ಇನ್ನೂ ಹೆಚ್ಚು. ಬೆಳಗ್ಗೆ 8.30ರ ಮೊದಲ ಸರದಿ ಸಿಕ್ಕರೆ ಬಿಡಬೇಡಿ. ಹತ್ತು ಗಂಟೆಯ ನಂತರ ಅಂಗಳಗಳಲ್ಲಿ ಫೋನ್ ಎತ್ತಿ ಹಿಡಿದ ಕೈಗಳೇ ಕಾಣುವುದು, ಗೋಡೆಯ ಕೆತ್ತನೆ ನಿಧಾನವಾಗಿ ನೋಡಲು ಆಗುವುದಿಲ್ಲ.

ಮೇಲೆ ಹೋಗಲು ಸಿ30 ಮಿನಿಬಸ್ ಇದೆ, ಇಸಬೆಲ್ ಲಾ ಕತೋಲಿಕಾ ಚೌಕದಿಂದ ಹೊರಡುತ್ತದೆ. ಬೆಳಗಿನ ಜನದಟ್ಟಣೆಯಲ್ಲಿ ಇದರಷ್ಟು ಕೆಟ್ಟ ಸವಾರಿ ಊರಲ್ಲಿ ಇನ್ನೊಂದಿಲ್ಲ. ಪುಟ್ಟ ಗಾಡಿ, ಹತ್ತಿಪ್ಪತ್ತು ಜನ ಕೂತರೆ ಮಿಕ್ಕವರು ಒಬ್ಬರ ಮೇಲೊಬ್ಬರು, ತಿರುವು ಬಂದಾಗಲೆಲ್ಲ ಹಿಡಿದುಕೊಳ್ಳಲು ಕಂಬಿ ಸಿಗುವುದಿಲ್ಲ. ತುಂಬಿದ್ದರೆ ಸ್ಟಾಪಿನಲ್ಲಿ ನಿಂತವರನ್ನು ಬಿಟ್ಟೇ ಹೋಗುತ್ತದೆ, ಅಷ್ಟರಲ್ಲಿ ಅರಮನೆಯ ಸಮಯ ಮೀರುತ್ತದೆ. ಮಂಡಿ ಗಟ್ಟಿಯಿದ್ದವರು ನುಯೆವಾ ಚೌಕದಿಂದ ಗೊಮೇರೆಸ್ ಏರುದಾರಿ ಹಿಡಿಯಿರಿ. ಇಪ್ಪತ್ತು ನಿಮಿಷ ಹತ್ತಬೇಕು, ದಾರಿಯ ಮೇಲಿನ ಭಾಗ ಮರದ ನೆರಳು. ಟಿಕೆಟ್ ಫೋನಿನಲ್ಲೇ ಇದ್ದರೆ ನ್ಯಾಯದ ಬಾಗಿಲಿನಿಂದ, ಅಂದರೆ ಪುಯೆರ್ತಾ ದೆ ಲಾ ಹುಸ್ತೀಸಿಯಾದಿಂದ, ನೇರ ಒಳಗೆ ಹೋಗಬಹುದು. ಅಲ್ಲಿಂದ ಅರಮನೆ ಹತ್ತಿರ. ಮಂಡಿನೋವಿದ್ದವರು ಟ್ಯಾಕ್ಸಿ ಮಾಡಿ.

ರೂಮಿನ ಬಗ್ಗೆ ಒಂದೇ ಮಾತು. ಅಲ್ಹಂಬ್ರಾ ಎದುರಿನ ಅಲ್ಬಾಯ್ಸಿನ್ ಗುಡ್ಡದಲ್ಲಿ 'ಅಲ್ಹಂಬ್ರಾ ಕಾಣುವ ಕಿಟಕಿ' ಎಂದು ಹೆಚ್ಚು ಹಣ ಕೇಳುತ್ತಾರೆ. ಅನೇಕ ಓಣಿಗಳಿಗೆ ಟ್ಯಾಕ್ಸಿ ಬರುವುದಿಲ್ಲ, ಉರುಟು ಕಲ್ಲು ಹಾಸಿದ ಏರಿನಲ್ಲಿ ಸೂಟ್‌ಕೇಸಿನ ಚಕ್ರ ಕಿತ್ತುಬರುತ್ತದೆ. ಕೆಳಗೆ ರೆಯಾಲೆಹೋ ಬಡಾವಣೆಯಲ್ಲಿ ಉಳಿದು, ಅಲ್ಬಾಯ್ಸಿನ್ ಮೇಲಿನ ಸಾನ್ ನಿಕೊಲಾಸ್ ಕಟ್ಟೆಗೆ ಹತ್ತಿ ಅದೇ ನೋಟವನ್ನು ಪುಕ್ಕಟೆ ನೋಡಿ. ಸಂಜೆ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ಬೆಳಗ್ಗೆ ಎಂಟಕ್ಕೆ ಕಟ್ಟೆ ಪೂರ್ತಿ ನಿಮ್ಮದು.

ಊಟದಲ್ಲಿ ಈ ಊರಿಗೆ ಸಮ ಇಲ್ಲ. ಒಂದು ಪಾನೀಯ ಹೇಳಿದರೆ ಜೊತೆಗೆ ಒಂದು ಪುಟ್ಟ ತಟ್ಟೆ ತಿಂಡಿ, 'ತಾಪಾ', ಬಿಟ್ಟಿ ಬರುತ್ತದೆ. ಎರಡನೆಯ ಪಾನೀಯಕ್ಕೆ ಬೇರೆ ತಾಪಾ. ಮೂರು ಸುತ್ತಿಗೆ ರಾತ್ರಿಯೂಟ ಮುಗಿಯುತ್ತದೆ. ಮದ್ಯ ಕುಡಿಯದವರು 'ಮೋಸ್ತೋ' ಎಂಬ ದ್ರಾಕ್ಷಿ ರಸ ಕೇಳಿ. ನಾವಾಸ್ ಬೀದಿಯಲ್ಲಿ ಕರೆದು ಕೂರಿಸುವ ಅಂಗಡಿಗಳನ್ನು ದಾಟಿ ಕಾಂಪೊ ದೆಲ್ ಪ್ರಿನ್ಸಿಪೆ ಚೌಕದ ಕಡೆ ನಡೆಯಿರಿ. ಮೆನು ಕಾರ್ಡಿನಲ್ಲಿ ಚಿತ್ರಗಳಿಲ್ಲದ, ಊರಿನ ಮುದುಕರು ಕೌಂಟರಿಗೆ ಒರಗಿ ನಿಂತ ಬಾರೇ ಸರಿಯಾದದ್ದು.

ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ತಾಪಾ ಏನು ಬರುತ್ತದೆಂಬುದು ಅಡುಗೆಯವನ ಇಷ್ಟ, ಅವರೇಕಾಳಿನ ಜಾತಿಯ ಕಾಳಿನಲ್ಲೂ ಹಂದಿಮಾಂಸದ ಚೂರಿರುತ್ತದೆ. 'ವೆಹೆತರಿಯಾನೋ' ಎಂದರೂ ಕೆಲವರು ಟ್ಯೂನಾ ಮೀನು ಹಾಕುತ್ತಾರೆ. ಪಾನೀಯ ಹೇಳುವ ಮೊದಲೇ 'ಸಿನ್ ಕಾರ್ನೆ, ಸಿನ್ ಪೆಸ್ಕಾದೋ, ಸಿನ್ ಹಮೋನ್' (ಮಾಂಸ, ಮೀನು, ಹಂದಿತೊಡೆ ಬೇಡ) ಎನ್ನಿ. ಸಾಲ್ಮೊರೇಹೋ ತಣ್ಣನೆ ಟೊಮ್ಯಾಟೊ ಸಾರಾದರೂ ಮೇಲೆ ಹಮೋನ್ ಉದುರಿಸುತ್ತಾರೆ. ಮೊಟ್ಟೆ ತಿನ್ನುವವರು ಆಮ್ಲೆಟ್ ಎಂದು ನಂಬಿ 'ತೊರ್ತಿಯಾ ದೆಲ್ ಸಾಕ್ರೊಮೊಂತೆ' ಹೇಳಬೇಡಿ, ಅದರಲ್ಲಿ ಮಿದುಳು, ಒಳಾಂಗಗಳು ಇರುತ್ತವೆ. ಆಲೂಗಡ್ಡೆಯ 'ತೊರ್ತಿಯಾ ದೆ ಪತಾತಾಸ್' ಕೇಳಿ. ಹೇಳಲೇಬೇಕಾದದ್ದು 'ಬೆರೆನ್ಹೇನಾಸ್ ಕೊನ್ ಮಿಯೆಲ್': ತೆಳ್ಳಗೆ ಹೆಚ್ಚಿ ಕರಿದ ಬದನೆಕಾಯಿಯ ಮೇಲೆ ಕಬ್ಬಿನ ಕಾಕಂಬಿ ಸುರಿದದ್ದು. ಮಲೆನಾಡಿನ ಜೋನಿಬೆಲ್ಲ ಬಲ್ಲವರಿಗೆ ಆ ರುಚಿ ತಕ್ಷಣ ಹತ್ತುತ್ತದೆ. ಮೀನು ಕರಿದ ಎಣ್ಣೆಯಲ್ಲೇ ಇದನ್ನೂ ಕರಿದಿರಬಹುದು, ಕಟ್ಟುನಿಟ್ಟಿನವರು ಕೇಳಿಕೊಳ್ಳಿ. ಕಾಲ್ದೆರೇರಿಯಾ ನುಯೆವಾ ಓಣಿಯ ಅರಬ್ ಚಹಾ ಅಂಗಡಿಗಳ ಸುತ್ತ ಫಲಾಫೆಲ್ ಸಿಗುತ್ತದೆ.

ಅಡುಗೆಮನೆ ಮಧ್ಯಾಹ್ನ ಒಂದೂವರೆಯಿಂದ ನಾಲ್ಕು, ಮತ್ತೆ ರಾತ್ರಿ ಎಂಟೂವರೆಯ ನಂತರ. ಸಂಜೆ ಆರಕ್ಕೆ ಮಕ್ಕಳಿಗೆ ಹಸಿವಾದರೆ ಬಿಸಿ ಊಟ ಸಿಗುವುದು ಕಷ್ಟ. ಭಾನುವಾರ ಬಹುತೇಕ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಬ್ರೆಡ್ಡು, ಹಣ್ಣು, ಮೊಸರು ಶನಿವಾರವೇ ತಂದಿಡಿ.

ಕತೀದ್ರಲ್ (ಊರಿನ ದೊಡ್ಡ ಚರ್ಚು) ಸುತ್ತ ಹೆಂಗಸರು ರೋಸ್ಮೆರಿ ಕಡ್ಡಿ ಕೈಗೆ ತುರುಕಿ, ಹಸ್ತ ನೋಡಿ, ಹಣಕ್ಕೆ ಪಟ್ಟುಹಿಡಿಯುತ್ತಾರೆ. ಕೈ ಜೇಬಿನಲ್ಲಿಟ್ಟು ನಿಲ್ಲದೆ ನಡೆಯಿರಿ. ವಾಪಸು ಬಸ್ಸಿನಲ್ಲಿ ಹೊರಡುವವರು ನೆನಪಿಡಿ, ಬಸ್ ನಿಲ್ದಾಣ ಊರ ನಡುವೆ ಇಲ್ಲ. ಮಾಲಗಾ ಊರಿನಿಂದ ವಿಮಾನ ಹಿಡಿಯುವುದಿದ್ದರೆ ಊರೊಳಗಿನ ಓಡಾಟಕ್ಕೇ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ವಿಮಾನ ನಿಲ್ದಾಣಕ್ಕೆ ನೇರ ಹೋಗುವ ಬಸ್ಸಿನ ಸೀಟನ್ನು ಹಿಂದಿನ ದಿನವೇ ಕಾದಿರಿಸಿ.