ಮರದ ನೆಲದಡಿ ಜೇನು ಕಟ್ಟಿದಾಗ

ತುಮಕೂರಿನಲ್ಲಿ ಯಾರಿಗಾದರೂ ‘ಮನೆ ಅಡಿಗೆ ಜೇನು ಕಟ್ಟಿದೆ’ ಅಂದರೆ, ‘ಅಡಿಗೆ ಅಂದ್ರೆ ಎಲ್ಲಪ್ಪ, ಪಾಯದೊಳಗಾ?’ ಅಂತ ಕೇಳುತ್ತಾರೆ. ಕೇಳುವುದು ಸರಿಯೇ. ನಮ್ಮ ಕಡೆ ಸೈಜುಗಲ್ಲಿನ ಪಾಯ, ಒಳಗೆ ದಮ್ಮಾಸು ಹೊಡೆದ ಮಣ್ಣು, ಮೇಲೆ ಕಾಂಕ್ರೀಟು. ಹುಳ ನುಗ್ಗಲು ಅಲ್ಲಿ ಜಾಗವೇ ಇಲ್ಲ. ಇಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲೈನಾದ ರಾಲಿ ಸುತ್ತಮುತ್ತ, ಎಷ್ಟೋ ಮನೆಗಳು ನೆಲದಿಂದ ಎರಡು ಮೂರು ಅಡಿ ಮೇಲೆ ಕೂತಿರುತ್ತವೆ. ಸುತ್ತಲೂ ಗಿಡ್ಡ ಇಟ್ಟಿಗೆ ಗೋಡೆ, ಅದರ ಮೇಲೆ ಮರದ ಜಂತೆಗಳು, ಜಂತೆಯ ಮೇಲೆ ಪ್ಲೈವುಡ್, ಅದರ ಮೇಲೆ ಸಂಸಾರ. ಕೆಳಗಿನ ಟೊಳ್ಳಿಗೆ ಕ್ರಾಲ್ ಸ್ಪೇಸ್ ಅನ್ನುತ್ತಾರೆ. ಹೆಸರಿಗೆ ತಕ್ಕ ಹಾಗೆ ತೆವಳಿಕೊಂಡೇ ಹೋಗಬೇಕು.

ಹಳೇ ಮದ್ರಾಸ್ ತಾರಸಿಯ ಜಂತೆಗಳನ್ನು ನೋಡಿದವರಿಗೆ ಚಿತ್ರ ಸುಲಭವಾಗಿ ಸಿಗುತ್ತದೆ. ಅದನ್ನೇ ಕಾಲಡಿಗೆ ತಂದುಕೊಳ್ಳಿ. ಸಾಮಾನ್ಯವಾಗಿ ಜಂತೆ 16 ಇಂಚಿಗೊಂದು. ಎರಡರ ನಡುವೆ ಹದಿನಾಲ್ಕೂವರೆ ಇಂಚು ಸಂದು, ಆಳ ಒಂಬತ್ತೂಕಾಲು ಇಂಚು. ಹೊಸ ಮನೆ ಹುಡುಕುವ ಜೇನಿಗೆ ಹಿಡಿಸುವುದು ಸುಮಾರು 40 ಲೀಟರಿನ ಕತ್ತಲೆ ಪೊಟರೆ. ಲೆಕ್ಕ ಹಾಕಿದರೆ ಈ ಸಂದಿನಲ್ಲಿ ಒಂದೂವರೆ ಅಡಿ ಉದ್ದ ಸಿಕ್ಕರೂ 40 ಲೀಟರ್ ಆಯಿತು. ಚಳಿಗೆಂದು ಸಂದಿನಲ್ಲಿ ತುರುಕಿದ ಫೈಬರ್‌ಗ್ಲಾಸ್ ಒಂದು ಕಡೆ ಜೋತುಬಿದ್ದು, ಹೊರಗೋಡೆಯಲ್ಲಿ ಕಿರುಬೆರಳು ತೂರುವಷ್ಟು ಬಿರುಕಿದ್ದರೆ ಅಷ್ಟೇ ಸಾಕು.

ಜೇನು ಯಾವುದು ಅನ್ನುವುದನ್ನೂ ಹೇಳಬೇಕು. ಇದು ನಮ್ಮ ನಾಡಜೇನು ತುಡುವೆ ಅಲ್ಲ, ಊರಲ್ಲಿ ಪೆಟ್ಟಿಗೆಯಲ್ಲಿ ಜೇನು ಸಾಕುವವರು ಮೆಲ್ಲಿಫೆರಾ ಅನ್ನುವ ಯುರೋಪಿನ ಜಾತಿ. ಅಮೆರಿಕಕ್ಕೂ ಇದು ಪರದೇಶಿಯೇ. 1622ರಲ್ಲಿ ವರ್ಜೀನಿಯಾಕ್ಕೆ ಹಡಗಿನಲ್ಲಿ ಬಂದದ್ದು. ಇದರ ಕುಟುಂಬ ದೊಡ್ಡದು, ಬೇಸಿಗೆಯಲ್ಲಿ 30–40 ಸಾವಿರ ಹುಳ ಇದ್ದೀತು. ಎರಡು ಮೂರು ವರ್ಷ ತಳವೂರಿದ ಗೂಡಿನಲ್ಲಿ 20–30 ಕಿಲೋ ಜೇನುತುಪ್ಪ ಸಿಕ್ಕರೆ ಆಶ್ಚರ್ಯವಿಲ್ಲ. ಗೂಡು ಕೀಳುವ ಕೆಲಸದ ಕಷ್ಟವೆಲ್ಲ ಈ ತೂಕದಲ್ಲೇ ಇದೆ, ಕುಟುಕಿನಲ್ಲಲ್ಲ.

ಮೊದಲು ಜೇನೇ ಹೌದೇ ನೋಡಿ. ಯೆಲ್ಲೋ ಜಾಕೆಟ್ ಅನ್ನುವ ಹಳದಿ ಕಣಜ ಕೂಡ ಮನೆಯಡಿಯ ಮಣ್ಣಿನಲ್ಲಿ ಗೂಡು ಮಾಡುತ್ತದೆ. ಅದರ ಮೈ ನುಣುಪು, ಹೊಳಪು, ಸೊಂಟ ಸಣ್ಣ. ಜೇನಿನ ಮೈಮೇಲೆ ರೋಮವಿರುತ್ತದೆ, ಒಳಗೆ ಹೋಗುವ ಹುಳಗಳಲ್ಲಿ ಕೆಲವದರ ಹಿಂಗಾಲಲ್ಲಿ ಹಳದಿಯೋ ಕಿತ್ತಳೆಯೋ ಪರಾಗದ ಉಂಡೆ ಕಾಣುತ್ತದೆ. ಹುಳ ಓಡಾಡುವ ಬಿರುಕಿನ ಪಕ್ಕ ಹತ್ತು ನಿಮಿಷ ನಿಂತರೆ ತಿಳಿಯುತ್ತದೆ. ಕಣಜವಾದರೆ ಮುಂದಿನ ಯಾವ ಮಾತೂ ಅನ್ವಯಿಸುವುದಿಲ್ಲ.

ಹುಳ ಓಡಾಡುವ ಬಿರುಕಿನ ಹಿಂದೆಯೇ ಗೂಡಿರುತ್ತದೆ ಅನ್ನುವುದು ತಪ್ಪು ಲೆಕ್ಕ. ಜಂತೆಯ ಉದ್ದಕ್ಕೂ ಎಂಟು ಹತ್ತು ಅಡಿ ಒಳಗೆ ನಡೆದು ಕಟ್ಟಿರಬಹುದು. ಮರಿಗಳಿರುವ ಜಾಗವನ್ನು ಜೇನು 34–35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ತಣ್ಣಗಿನ ಬೆಳಗಿನ ಜಾವ ಥರ್ಮಲ್ ಕ್ಯಾಮೆರಾ ಹಿಡಿದರೆ ಗೂಡಿನ ಆಕಾರವೇ ಮೂಡುತ್ತದೆ. ಕ್ಯಾಮೆರಾ ಇಲ್ಲದಿದ್ದರೆ ಮನೆಯೊಳಗೆ ಬರಿಗಾಲಲ್ಲಿ ನಡೆದು ನೋಡಿ, ಒಂದು ಕಡೆ ಮರ ಬೆಚ್ಚಗಿರುತ್ತದೆ. ಅಲ್ಲಿ ಕಿವಿಯಿಟ್ಟು ಮೆಲ್ಲಗೆ ತಟ್ಟಿದರೆ ಒಮ್ಮೆ ‘ಭುಸ್’ ಎಂದು ಎದ್ದು ಅಡಗುವ ಸದ್ದು ಕೇಳುತ್ತದೆ.

ಊರಿಂದ ಬರುವ ಮೊದಲ ಸಲಹೆ ಯಾವಾಗಲೂ ಒಂದೇ: ‘ಔಷಧಿ ಹೊಡೆದು ಮುಗಿಸಿ ಮಾರಾಯ.’ ಹೊಡೆದರೆ ಏನಾಗುತ್ತದೆ ಅಂದರೆ, ಹುಳ ಸಾಯುತ್ತದೆ, ಎರಿ (ಮೇಣದ ಹಲ್ಲೆ) ಉಳಿಯುತ್ತದೆ. ರೆಕ್ಕೆ ಬೀಸಿ ಗೂಡು ತಂಪು ಮಾಡುವವರಿಲ್ಲದೆ ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಎರಿ ಕಳಚಿ ಬೀಳುತ್ತದೆ. ತುಪ್ಪ ಸೋರಿ ಫೈಬರ್‌ಗ್ಲಾಸ್ ಒದ್ದೆಯಾಗುತ್ತದೆ, ಮರಿಗಳು ಕೊಳೆತು ನಾರುತ್ತವೆ, ಇರುವೆ, ಜಿರಲೆ, ಇಲಿ ಸಾಲುಗಟ್ಟುತ್ತವೆ. ಅಕ್ಕಪಕ್ಕದ ಗೂಡುಗಳ ಹುಳ ಬಂದು ಆ ವಿಷದ ತುಪ್ಪವನ್ನೇ ಹೊತ್ತೊಯ್ಯುತ್ತವೆ. ಬಿರುಕಿಗೆ ಫೋಮ್ ತುಂಬಿ ಮುಚ್ಚಿಬಿಡುವುದು ಇದಕ್ಕಿಂತ ದಡ್ಡತನ. ದಾರಿ ಕಟ್ಟಿದ ಹುಳ ಬೆಳಕು ಕಂಡ ಕಡೆ ತೂರಿ ಮನೆಯೊಳಗೇ ಏಳುತ್ತದೆ.

ಉಳಿದ ದಾರಿ ಒಂದೇ: ಗೂಡು ಕಿತ್ತು, ಹುಳವನ್ನು ಜೀವಂತವಾಗಿ ಜೇನು ಸಾಕುವ ಪೆಟ್ಟಿಗೆಗೆ ಸೇರಿಸುವುದು. ಕೀಳಲು ಒಳ್ಳೆಯ ಕಾಲ ಏಪ್ರಿಲ್, ಮೇ. ಆಗ ಇಲ್ಲಿ ಟ್ಯೂಲಿಪ್ ಪಾಪ್ಲರ್ ಮರಗಳ ಹೂವು, ನಮಗೆ ಯುಗಾದಿ ಹೊತ್ತಿನ ಹೊಂಗೆ ಹೂವಿದ್ದ ಹಾಗೆ. ಹೊರಗೆ ಮಕರಂದ ಧಾರಾಳವಾಗಿದ್ದಾಗ ಹುಳದ ಸಿಟ್ಟು ಕಡಿಮೆ, ಕಿತ್ತ ಮೇಲೆ ಸುಧಾರಿಸಿಕೊಳ್ಳಲೂ ಸಮಯ ಇರುತ್ತದೆ. ಚಳಿಗಾಲದಲ್ಲಿ ಕಿತ್ತರೆ ಮರಿ ತಣ್ಣಗಾಗಿ ಸಾಯುತ್ತದೆ. ಜುಲೈ ಮಧ್ಯಾಹ್ನ ಎರಿ ಬೆಣ್ಣೆಯಂತಾಗಿರುತ್ತದೆ, ಕೈಗೆ ಬರುವುದಿಲ್ಲ.

ಕೆಳಗೆ ಇಳಿಯುವವರು ಇಬ್ಬರಿರಲೇಬೇಕು, ಒಬ್ಬರು ಒಳಗೆ, ಒಬ್ಬರು ಬಾಗಿಲಲ್ಲಿ. ಬಯಲಿನಲ್ಲಾದರೆ ಹುಳ ಎದ್ದಾಗ ಓಡಬಹುದು, ಇಲ್ಲಿ ಹೊಟ್ಟೆಯ ಮೇಲೆ ಮಲಗಿ ಓಡುವುದೆಲ್ಲಿಗೆ? ಒಂದು ಕುಟುಕು ಬಿದ್ದರೆ ಮಾಗಿದ ಬಾಳೆಹಣ್ಣಿನಂಥ ವಾಸನೆ ಬರುತ್ತದೆ. ಅದು ಉಳಿದ ಹುಳಗಳಿಗೆ ‘ಇಲ್ಲೇ ಚುಚ್ಚಿ’ ಅನ್ನುವ ಕರೆ. ತಕ್ಷಣ ಉಗುರಿನಿಂದ ಮುಳ್ಳು ಕೆರೆದು ತೆಗೆದು ಆ ಜಾಗಕ್ಕೆ ಹೊಗೆ ಬಿಡಬೇಕು. ಜೇನಿನ ಅಲರ್ಜಿ ಇದ್ದವರು ಈ ಕೆಲಸಕ್ಕೆ ಬರಲೇಬಾರದು. ಕರೆಂಟಿನ ವೈರು, ಎ.ಸಿ. ಡಕ್ಟು, ಮೇಲಿಂದ ಇಳಿದ ಮೊಳೆಗಳ ತುದಿ, ಮೂಲೆಯಲ್ಲಿ ಬ್ಲ್ಯಾಕ್ ವಿಡೋ ಎಂಬ ವಿಷದ ಜೇಡ, ಇವಿಷ್ಟನ್ನು ಟಾರ್ಚ್ ಹಾಕಿ ಮೊದಲೇ ನೋಡಿಕೊಳ್ಳಿ.

ಹೊಗೆಯ ವಿಷಯದಲ್ಲಿ ಪೆಟ್ಟಿಗೆ ಜೇನು ಸಾಕಿದವರೂ ಎಡವುತ್ತಾರೆ. ತೋಟದಲ್ಲಿ ಧಾರಾಳವಾಗಿ ಹೊಗೆ ಕೊಟ್ಟು ಅಭ್ಯಾಸ. ಇಲ್ಲಿ ಹೊಗೆಗೆ ಹೋಗಲು ದಾರಿಯಿಲ್ಲ. ಮೊದಲು ಕಣ್ಣು ಉರಿಯುವುದು ನಿಮ್ಮದೇ, ಆಮೇಲೆ ಪ್ಲೈವುಡ್ ಸಂದಿನಿಂದ ಮೇಲೇರಿ ಮನೆಯವರ ಸ್ಮೋಕ್ ಅಲಾರಂ ಕೂಗುತ್ತದೆ. ಹೊಗೆತಿದಿಯಿಂದ ಕಿಡಿ ಬಿದ್ದರೆ ಒಣ ಮರದ ಮನೆ. ತಿದಿಯನ್ನು ತಗಡಿನ ಬಕೆಟ್ಟಿನಲ್ಲಿಟ್ಟು ಬಾಗಿಲ ಹೊರಗೆ ಇರಿಸಿ, ಎರಡು ಮೂರು ಉಸಿರಿಗೆ ಮಾತ್ರ ಒಳಗೆ ತನ್ನಿ. ಉಳಿದದ್ದಕ್ಕೆ ಸಕ್ಕರೆ ನೀರಿನ ಸ್ಪ್ರೇ ಸಾಕು. ಮೈ ಒದ್ದೆಯಾದ ಹುಳ ಹಾರುವ ಬದಲು ನೆಕ್ಕುತ್ತಾ ಕೂರುತ್ತದೆ. ಬೆಳಕೂ ಹಾಗೆಯೇ: ಹಣೆಗೆ ಬಿಳಿ ದೀಪ ಕಟ್ಟಿಕೊಂಡರೆ ಎದ್ದ ಹುಳವೆಲ್ಲ ಮುಖಕ್ಕೇ ಬಂದು ಬಡಿಯುತ್ತದೆ. ಕೆಂಪು ಬೆಳಕು ಜೇನಿನ ಕಣ್ಣಿಗೆ ಕಾಣುವುದಿಲ್ಲ, ಕೆಂಪು ದೀಪವನ್ನೇ ಕಟ್ಟಿಕೊಳ್ಳಿ.

ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಫೈಬರ್‌ಗ್ಲಾಸನ್ನು ಮೆಲ್ಲಗೆ ಬಿಡಿಸಿದಾಗ ಎರಿಗಳು ತಲೆಯ ಮೇಲೆ ಇಳಿಬಿದ್ದಿರುತ್ತವೆ, ಒಂದರ ಪಕ್ಕ ಒಂದು, ಹೋಳಿಗೆಗಳನ್ನು ನಿಲ್ಲಿಸಿಟ್ಟ ಹಾಗೆ. ಅಂಚಿನಲ್ಲಿ ಹುಳಗಳು ಕಾಲಿಗೆ ಕಾಲು ಕೊಕ್ಕೆ ಹಾಕಿಕೊಂಡು ಸರಪಳಿಯಂತೆ ಜೋತಾಡುತ್ತಿರುತ್ತವೆ. ತುದಿಯ ಎರಿಯಿಂದ ಶುರು ಮಾಡಿ, ಅದು ಸಾಮಾನ್ಯವಾಗಿ ತುಪ್ಪದ್ದು. ಒಂದು ಅಂಗೈ ಎರಿಯ ಕೆಳಗೆ ಕೊಟ್ಟುಕೊಂಡೇ ಮೇಲ್ಗಡೆ ಪ್ಲೈವುಡ್‌ಗೆ ಅಂಟಿದ ಕಡೆ ಉದ್ದ ಚಾಕು ಹಾಯಿಸಬೇಕು. ಕೈ ಕೊಡದೆ ಕೊಯ್ದರೆ ಎರಡು ಕಿಲೋ ತುಪ್ಪ ನೇರವಾಗಿ ಮುಖಪರದೆಯ ಮೇಲೆ ಬೀಳುತ್ತದೆ. ಆ ತುಪ್ಪದಲ್ಲಿ ನೂರಾರು ಹುಳ ಮುಳುಗಿ ಸಾಯುತ್ತವೆ, ಅವುಗಳ ನಡುವೆ ರಾಣಿಯೂ ಇರಬಹುದು.

ತುಪ್ಪದ ಎರಿ ಮುಚ್ಚಳವಿರುವ ಬಕೆಟ್ಟಿಗೆ. ಅದನ್ನು ಹೊಸ ಪೆಟ್ಟಿಗೆಗೆ ಕಟ್ಟುವ ಆಸೆ ಬೇಡ. ಭಾರಕ್ಕೆ ಹರಿದು ಸೋರುತ್ತದೆ, ಆ ವಾಸನೆಗೆ ದರೋಡೆ ಜೇನು ಬರುತ್ತವೆ, ಸ್ಮಾಲ್ ಹೈವ್ ಬೀಟಲ್ ಎಂಬ ಕಪ್ಪು ಜೀರುಂಡೆಯೂ ಬರುತ್ತದೆ. ಈ ಜೀರುಂಡೆ ಅಮೆರಿಕದಲ್ಲಿ 1998ರಲ್ಲಿ ಫ್ಲಾರಿಡಾದಲ್ಲಿ ಪತ್ತೆಯಾಯಿತು, ಈಗ ದಕ್ಷಿಣದ ರಾಜ್ಯಗಳಲ್ಲೆಲ್ಲ ಇದೆ. ಕಾವಲಿಲ್ಲದ ಎರಿ ಸಿಕ್ಕರೆ ಇದರ ಮರಿಹುಳುಗಳು ನಾಲ್ಕಾರು ದಿನದಲ್ಲಿ ಅದನ್ನು ಹುಳಿ ಬಂದ ಲೋಳೆ ಮಾಡಿಬಿಡುತ್ತವೆ.

ಪೆಟ್ಟಿಗೆಗೆ ಹೋಗಬೇಕಾದದ್ದು ಮರಿ ಎರಿ ಮಾತ್ರ. ಖಾಲಿ ಮರದ ಫ್ರೇಮನ್ನು ಹಲಗೆಯ ಮೇಲೆ ಮಲಗಿಸಿ, ಅದರೊಳಗೆ ಕೂರುವಂತೆ ಎರಿಯ ಮೇಲಂಚನ್ನು ನೇರಕ್ಕೆ ಕೊಯ್ದು, ಮೇಲ್ಪಟ್ಟಿಗೆ ತಾಗಿಸಿ, ಸುತ್ತ ಎರಡು ಮೂರು ದೊಡ್ಡ ರಬ್ಬರ್ ಬ್ಯಾಂಡ್ ಹಾಕಿದರೆ ಮುಗಿಯಿತು. ಗೂಡಿನಲ್ಲಿ ಮೇಲಿದ್ದ ಅಂಚೇ ಫ್ರೇಮಿನಲ್ಲೂ ಮೇಲಿರಬೇಕು. ಎರಿಯ ಕಣಗಳು (ಆರು ಮೂಲೆಯ ಗೂಡುಗಳು) ಸ್ವಲ್ಪ ಮೇಲ್ಮುಖವಾಗಿ ವಾಲಿರುತ್ತವೆ, ತಲೆಕೆಳಗು ಮಾಡಿದರೆ ಹಸಿ ಮಕರಂದ ಹೊರಗೆ ಸೋರುತ್ತದೆ. ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ, ಕೊಯ್ಯುವ ಮೊದಲೇ ಮೇಲಂಚಿಗೆ ಚಾಕುವಿನಿಂದ ಒಂದು ಗೀಟು ಹಾಕಿಕೊಳ್ಳಿ. ಹುಳ ಎರಿಯನ್ನು ಮೇಣದಿಂದ ಪಟ್ಟಿಗೆ ಬೆಸೆದುಕೊಂಡ ಮೇಲೆ ರಬ್ಬರನ್ನು ಕಡಿದು ಹೊರಗೆಸೆಯುತ್ತದೆ. ವಾರ ಹತ್ತು ದಿನದಲ್ಲಿ ಪೆಟ್ಟಿಗೆಯ ಬಾಗಿಲ ಮುಂದೆ ಶ್ಯಾವಿಗೆ ಚೂರಿನಂತೆ ಬಿದ್ದಿರುತ್ತದೆ.

ರಾಣಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಹೊಸದಾಗಿ ಮೊಟ್ಟೆಯಿಟ್ಟ ಎರಿಯಲ್ಲಿ ಹುಡುಕಿ. ಬೆಳಕು ಬಿದ್ದೊಡನೆ ಆಕೆ ಹಿಂದಿನ ಮಗ್ಗುಲಿಗೆ ಓಡುತ್ತಾಳೆ. ಸಿಕ್ಕಾಗ ಕ್ಲಿಪ್ಪಿನಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಫ್ರೇಮುಗಳ ನಡುವೆ ಇಟ್ಟರೆ, ಕೆಲವೇ ನಿಮಿಷದಲ್ಲಿ ಬಾಗಿಲಲ್ಲಿ ಹುಳಗಳು ಬೆನ್ನು ಎತ್ತಿ ರೆಕ್ಕೆ ಬೀಸತೊಡಗುತ್ತವೆ. ವಾಸನೆ ಬಿಟ್ಟು ಉಳಿದವರನ್ನು ಕರೆಯುವ ರೀತಿ ಅದು. ಆಮೇಲೆ ಹುಳಗಳೇ ಸಾಲಾಗಿ ಒಳಗೆ ನಡೆಯುತ್ತವೆ. ಸಂದಿನಲ್ಲಿ ಉಳಿದವನ್ನು ಹುಳ ಎಳೆಯುವ ವ್ಯಾಕ್ಯೂಮ್‌ನಿಂದ ತೆಗೆಯಬಹುದು, ಆದರೆ ಎಳೆತ ತೀರಾ ಕಡಿಮೆಯಿರಬೇಕು. ಮನೆ ಗುಡಿಸುವ ವ್ಯಾಕ್ಯೂಮ್ ಹಾಗೇ ಹಚ್ಚಿದರೆ ಡಬ್ಬಿಯಲ್ಲಿ ಸಿಗುವುದು ಸತ್ತ ಹುಳದ ರಾಶಿ. ಕೊಳವೆಯ ಪಕ್ಕಕ್ಕೆ ಒಂದು ತೂತು ಮಾಡಿ, ಅದನ್ನು ತೆರೆದು ಮುಚ್ಚಿ ಎಳೆತ ಹದಕ್ಕೆ ತಂದುಕೊಳ್ಳಬೇಕು. ಮೈಗೆ ತುಪ್ಪ ಮೆತ್ತಿದ ಹುಳ ಡಬ್ಬಿಯಲ್ಲಿ ಬದುಕುವುದಿಲ್ಲ. ಅದಕ್ಕೇ ಕೊಯ್ಯುವಾಗಿನ ಚೊಕ್ಕತನ ಇಷ್ಟು ಮುಖ್ಯ.

ರಾಣಿ ಕಾಣಲೇ ಇಲ್ಲವಾದರೆ ಗಾಬರಿ ಬೇಡ. ನಾಲ್ಕು ದಿನ ಬಿಟ್ಟು ಫ್ರೇಮು ಎತ್ತಿ ನೋಡಿ. ಮೊಟ್ಟೆ ಮೂರೇ ದಿನಕ್ಕೆ ಒಡೆದು ಮರಿಹುಳುವಾಗುತ್ತದೆ, ಆದ್ದರಿಂದ ನಾಲ್ಕನೇ ದಿನ ಕಣದ ತಳದಲ್ಲಿ ಅಕ್ಕಿನುಚ್ಚಿನಂಥ ಮೊಟ್ಟೆ ನಿಂತಿದ್ದರೆ ರಾಣಿ ಒಳಗಿದ್ದಾಳೆ. ಕಡಲೆಕಾಯಿ ಆಕಾರದ ರಾಣಿಕೋಣೆ ಇಳಿಬಿಟ್ಟಿದ್ದರೆ ಇಲ್ಲ, ಹೊಸಬಳನ್ನು ಬೆಳೆಸುತ್ತಿವೆ.

ಪೆಟ್ಟಿಗೆಯನ್ನು ಹಳೇ ಬಿರುಕಿನ ಪಕ್ಕದಲ್ಲೇ ಕತ್ತಲಾಗುವ ತನಕ ಬಿಡಬೇಕು, ಮೇಯಲು ಹೋದವು ಬಂದು ಸೇರಲಿ. ಆಮೇಲೆ ಜಾಲರಿ ಹಾಕಿ ಬಾಗಿಲು ಮುಚ್ಚಿ, ಪಟ್ಟಿ ಬಿಗಿದು ಸಾಗಿಸಿ. ಐದು ಕಿಲೋಮೀಟರಿಗಿಂತ ಹತ್ತಿರ ಇಟ್ಟರೆ ಮರುದಿನ ಮೇಯುವ ಹುಳವೆಲ್ಲ ಹಳೇ ಬಿರುಕಿಗೇ ವಾಪಸ್.

ನೆಲದಡಿ ತೂರಲು ಸಾಧ್ಯವೇ ಇಲ್ಲದ ಕಡೆ ತಂತಿ ಜಾಲರಿಯ ಶಂಕು ಹೂಡುವ ಇನ್ನೊಂದು ದಾರಿ ಇದೆ: ಹುಳ ಹೊರಗೆ ಬರಬಹುದು, ಒಳಗೆ ಹೋಗಲು ದಾರಿ ಸಿಗದು, ಪಕ್ಕದಲ್ಲಿಟ್ಟ ಪೆಟ್ಟಿಗೆ ಸೇರುತ್ತವೆ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ರಾಣಿ ಸಾಮಾನ್ಯವಾಗಿ ಬರುವುದಿಲ್ಲ, ಎರಿಯೆಲ್ಲ ಒಳಗೇ ಉಳಿಯುತ್ತದೆ. ಜೀರುಂಡೆ ಇರುವ ಈ ಸೀಮೆಯಲ್ಲಿ ನಾವು ಇದನ್ನು ಒಪ್ಪುವುದಿಲ್ಲ.

ಹುಳ ಹೋದ ಮೇಲಿನ ಬಡಗಿ ಕೆಲಸಕ್ಕೆ ಹಣ ಕೊಡಲು ಮನೆಯವರು ಹಿಂದೆಮುಂದೆ ನೋಡುತ್ತಾರೆ. ಅಲ್ಲೇ ಕೆಡುವುದು. ಮೇಣದ ಕಲೆಯೊಂದು ಉಳಿದರೂ ಮುಂದಿನ ವಸಂತದಲ್ಲಿ ಜಾಗ ಹುಡುಕುವ ಹುಳಗಳಿಗೆ ಅದೇ ಆಹ್ವಾನ ಪತ್ರಿಕೆ. ಉಳಿದ ಮೇಣ ಪೂರ್ತಿ ಕೆರೆದು, ಸೋಪು ನೀರಿನಲ್ಲಿ ತೊಳೆದು, ಒಣಗಿದ ಮೇಲೆ ವಾಸನೆ ಕಟ್ಟುವ ಪ್ರೈಮರ್ ಬಳಿದು, ಸಂದಿಗೆ ಹೊಸ ಇನ್ಸುಲೇಷನ್ ಒತ್ತಿ ತುಂಬಿ, ಕೆಳಗೆ ಪ್ಲೈವುಡ್ ಹೊಡೆಯಬೇಕು. ಇಟ್ಟಿಗೆ ಗೋಡೆಯ ಗಾಳಿಕಿಂಡಿಗಳನ್ನು ಮುಚ್ಚಬಾರದು, ಮುಚ್ಚಿದರೆ ಜಂತೆಗೆ ಬೂಷ್ಟು. ಕಿಂಡಿಗೆ ಕಾಲು ಇಂಚಿನ ಜಾಲರಿ ಸಾಲದು, ಅದರಲ್ಲಿ ಜೇನು ಆರಾಮಾಗಿ ನುಸುಳುತ್ತದೆ. ಅರೆಕಾಲು ಇಂಚಿನದೇ ಬೇಕು.

ಊರಲ್ಲಿ ಮೆಟ್ಟಿಲ ಕೆಳಗೋ, ಕೊಟ್ಟಿಗೆಯ ಕಲ್ಲುಗೋಡೆಯಲ್ಲೋ ತುಡುವೆ ಕೂತಿದ್ದರೆ ಇದೇ ಕ್ರಮ ನಡೆಯುತ್ತದೆ, ಮೂರು ಬದಲಾವಣೆಗಳೊಂದಿಗೆ. ಎರಿ ಚಿಕ್ಕದು, ತುಡುವೆ ಸಾಕುವ ಸಣ್ಣ ನ್ಯೂಟನ್ ಪೆಟ್ಟಿಗೆಯ ಫ್ರೇಮು ಸಾಕು. ರಬ್ಬರ್ ಬದಲು ಒದ್ದೆ ಬಾಳೆನಾರು ಕಟ್ಟಿ. ಮೆಲ್ಲಿಫೆರಾ ಎಷ್ಟು ಕಲಕಿದರೂ ಮರಿ ಬಿಟ್ಟು ಹೋಗುವುದು ಅಪರೂಪ. ತುಡುವೆ ಮುನಿಸಿಕೊಂಡರೆ ಮರುದಿನವೇ ಗೂಡು ಬಿಟ್ಟು ಎದ್ದುಬಿಡುತ್ತದೆ. ಅದಕ್ಕೆ ಪೆಟ್ಟಿಗೆಯ ಬಾಗಿಲಿಗೆ ರಾಣಿ ತಡೆಗೇಟು (ಕೆಲಸದ ಹುಳ ದಾಟುವ, ರಾಣಿ ದಾಟಲಾಗದ ಗೇಟು) ಹಾಕಿ, ಸಂಜೆ ಒಳಗೇ ಸ್ವಲ್ಪ ಸಕ್ಕರೆ ಪಾಕ ಇಡಿ. ಹೆಜ್ಜೇನಿಗೆ ಇಲ್ಲಿ ಹೇಳಿದ ಒಂದೂ ಹೊಂದುವುದಿಲ್ಲ, ಅದು ಪೆಟ್ಟಿಗೆಗೆ ಬರುವ ಜಾತಿಯೇ ಅಲ್ಲ. ತುಡುವೆ ಕಾಲಲ್ಲಿ ಪರಾಗ ಹೊತ್ತು ಒಳಗೆ ಹೋಗುತ್ತಿದ್ದು, ಎರಿಯಲ್ಲಿ ಹೊಸ ಮೊಟ್ಟೆಯೂ ಕಂಡರೆ ಗೇಟು ತೆಗೆಯಬಹುದು, ವಾರದೊಳಗೆ.