ನಾನು ನುಂಗದೆ ಬಿಟ್ಟ 11 ಮಾತ್ರೆಗಳು

ಕಳೆದ ವರ್ಷ, ಬೇರೆ ಯಾವುದೋ ಕಾರಣಕ್ಕೆ ಮಾಡಿಸಿಕೊಂಡ ತಪಾಸಣೆಯಲ್ಲಿ, ನನ್ನ ರಕ್ತದೊತ್ತಡ 158/98 ಎಂದು ಬಂದಿತು. ವೈದ್ಯರು ಅಂದೇ ಮಾತ್ರೆ ಬರೆದುಕೊಡಲಿಲ್ಲ. ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಅಳೆದು, ಅಂಕಿಗಳನ್ನು ಬರೆದುಕೊಂಡು ಬರುವಂತೆ ಹೇಳಿದರು. ಅಳೆಯುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಮಾತಾಡದೆ ಕೂರಬೇಕು, ಕಾಲಿನ ಮೇಲೆ ಕಾಲು ಹಾಕಿರಬಾರದು, ತೋಳು ಎದೆಯ ಮಟ್ಟದಲ್ಲಿರಬೇಕು ಎಂದು ತೋರಿಸಿಯೂ ಕೊಟ್ಟರು. ವಾರದ ಸರಾಸರಿ 152/95 ಆಯಿತು. ಮನೆಯಲ್ಲಿ ಅಳೆದ ಸರಾಸರಿ 135/85 ದಾಟಿದರೆ ಅದನ್ನು ಸಾಮಾನ್ಯವಾಗಿ ಅಧಿಕ ರಕ್ತದೊತ್ತಡವೆಂದೇ ಪರಿಗಣಿಸುತ್ತಾರೆ. ಹೀಗೆ 5 ಮಿಲಿಗ್ರಾಂನ ಒಂದು ಆಮ್ಲೋಡಿಪಿನ್ ಮಾತ್ರೆ ನನ್ನ ದಿನಚರಿಯೊಳಗೆ ಬಂದು ಸೇರಿತು.

ಮೊದಲ ಮೂರು ವಾರ ಒಂದು ದಿನವೂ ತಪ್ಪಿಸಲಿಲ್ಲ. ಭಯವಿತ್ತು, ಹಾಗಾಗಿ ನೆನಪೂ ಇತ್ತು. ಮೂರನೆಯ ವಾರದ ಕೊನೆಗೆ ಯಂತ್ರ 126/80 ಎಂದು ತೋರಿಸಿದಾಗ ಆದ ಸಂತೋಷದಲ್ಲಿ ನನಗೆ ಹೊಳೆದದ್ದು ಒಂದೇ ಮಾತು: ಸರಿಹೋಯಿತು. ಅದೇ ಹೊತ್ತಿಗೆ ಸಂಜೆಯಾದರೆ ಕಾಲಿನ ಹರಡು ಊದಿಕೊಳ್ಳತೊಡಗಿತ್ತು. ‘ಬಿ.ಪಿ. ಮಾತ್ರೆ ಒಮ್ಮೆ ಹಿಡಿದರೆ ಜನ್ಮಪೂರ್ತಿ ಬಿಡುವ ಹಾಗಿಲ್ಲ, ದೇಹ ಅದಕ್ಕೆ ಒಗ್ಗಿಹೋಗುತ್ತದೆ’ ಎಂದು ಆಪ್ತರೊಬ್ಬರು ಕಾಳಜಿಯಿಂದಲೇ ಹೇಳಿದ್ದರು. ಈ ಮೂರೂ ಸೇರಿ, ಯಾರಿಗೂ ಹೇಳದೆ, ನಾನು ಮಾತ್ರೆಯನ್ನು ನಿಲ್ಲಿಸಿದೆ.

ನಿಲ್ಲಿಸಿದ ಮಾರನೆಯ ದಿನ ಅಳೆದೆ: 127/81. ಅದರ ಮಾರನೆಯ ದಿನವೂ ಹೆಚ್ಚು ಕಡಿಮೆ ಅಷ್ಟೇ. ಮಾತ್ರೆಯಿಲ್ಲದೆಯೂ ರಕ್ತದೊತ್ತಡ ಹತೋಟಿಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ ಎಂದುಕೊಂಡೆ. ಆ ಸಾಕ್ಷಿ ಎಷ್ಟು ಮೋಸದ್ದೆಂಬುದು ತಿಳಿದದ್ದು ಆಮೇಲೆ. ರಕ್ತದಲ್ಲಿರುವ ಆಮ್ಲೋಡಿಪಿನ್ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ದಿನಾ ನುಂಗಿದರೂ ಅದರ ಮಟ್ಟ ಒಂದು ಸ್ಥಿರತೆಗೆ ಬರಲು ಸುಮಾರು ಒಂದು ವಾರ ಹಿಡಿಯುವಂತೆಯೇ, ನಿಲ್ಲಿಸಿದ ಮೇಲೆ ಅದು ಮೈಯಿಂದ ಪೂರ್ತಿ ಹೊರಹೋಗಲೂ ಹೆಚ್ಚು ಕಡಿಮೆ ಅಷ್ಟೇ ದಿನ ಬೇಕಾಗುತ್ತದೆ. ನಾನು ‘ಮಾತ್ರೆಯಿಲ್ಲದ’ ಅಂಕಿಯೆಂದು ನಂಬಿದ್ದು, ಹಿಂದಿನ ವಾರ ನುಂಗಿದ ಮಾತ್ರೆಗಳು ಇನ್ನೂ ಒಳಗಿದ್ದು ಮಾಡುತ್ತಿದ್ದ ಕೆಲಸವಾಗಿತ್ತು. ಐದನೆಯ ದಿನದಿಂದ ಅಂಕಿ ಏರತೊಡಗಿತು. ಏರಿದ್ದು ಕಂಡು ನಾನು ಅಳೆಯುವುದನ್ನೇ ಬಿಟ್ಟೆ. ಈ ವಿಷಯವನ್ನು ಬರೆಯಲು ಹೊರಟಾಗ ನನಗೆ ಅತ್ಯಂತ ಕಷ್ಟವಾದದ್ದು ಈ ಒಂದು ವಾಕ್ಯ.

ಹನ್ನೆರಡನೆಯ ದಿನ ಮೊದಲೇ ನಿಗದಿಯಾಗಿದ್ದ ಭೇಟಿಗೆ ಹೋದಾಗ 154/96 ಇತ್ತು. ವೈದ್ಯರು ಸ್ವಲ್ಪ ಹೊತ್ತು ಯೋಚಿಸಿ, ‘ಈ ಪ್ರಮಾಣ ಸಾಲುತ್ತಿಲ್ಲ, 10 ಮಿಲಿಗ್ರಾಂಗೆ ಏರಿಸೋಣ’ ಎಂದು ಬರೆಯಲು ಪೆನ್ನು ತೆಗೆದರು. ಆ ಕ್ಷಣದಲ್ಲಿ ನಾನು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಈಗಲೂ ನೆನೆಯುತ್ತೇನೆ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಔಷಧಿ ಕೆಲಸ ಮಾಡುತ್ತಿಲ್ಲವೆಂದು ದಾಖಲಾಗುತ್ತಿತ್ತು. ಕಾಲೂತ ಈ ಔಷಧಿಯ ಪ್ರಮಾಣ ಹೆಚ್ಚಿದಷ್ಟೂ ಹೆಚ್ಚುವಂಥದ್ದಾದ್ದರಿಂದ, ಯಾವ ತೊಂದರೆಗೆ ಹೆದರಿ ಮಾತ್ರೆ ಬಿಟ್ಟಿದ್ದೆನೋ ಅದೇ ತೊಂದರೆ ಇನ್ನಷ್ಟಾಗಿ, ನಾನು ಅದನ್ನೂ ಬಿಡುತ್ತಿದ್ದೆ. ಮುಂದೊಂದು ದಿನ ಹೆದರಿ ಬರೆದುಕೊಟ್ಟದ್ದನ್ನೆಲ್ಲ ಒಟ್ಟಿಗೆ ನುಂಗಲು ಆರಂಭಿಸಿದ್ದರೆ ಒತ್ತಡ ಅಗತ್ಯಕ್ಕಿಂತ ಕೆಳಗಿಳಿದು ತಲೆಸುತ್ತಿ ಬೀಳುವ ಸಾಧ್ಯತೆಯೂ ಇತ್ತು. ನಾನು ಬಾಯಿಬಿಟ್ಟು ಹೇಳಿದೆ: 11 ದಿನದಿಂದ ಮಾತ್ರೆ ತೆಗೆದುಕೊಂಡಿಲ್ಲ. ಅವರು ಗದರಲಿಲ್ಲ, ‘ಯಾಕೆ’ ಎಂದು ಮಾತ್ರ ಕೇಳಿದರು. ಕಾಲೂತದ ವಿಷಯ ಹೇಳಿದಾಗ, ಅದಕ್ಕೆ ದಾರಿ ಇದೆಯೆಂದರು.

ನಿಯಮಿತವಾಗಿ ಔಷಧಿ ತೆಗೆದುಕೊಳ್ಳುವುದರ ಬಗ್ಗೆ ಓದುವಾಗಲೆಲ್ಲ ಮರೆವಿನ ಮಾತೇ ಮುಂದೆ ಬರುತ್ತದೆ: ಅಲಾರಂ ಇಟ್ಟುಕೊಳ್ಳಿ, ಡಬ್ಬಿ ಇಟ್ಟುಕೊಳ್ಳಿ. ಅದು ತಪ್ಪಲ್ಲ. ಆದರೆ ನಾನು ಆ ಮಾತ್ರೆಗಳನ್ನು ಮರೆತಿರಲಿಲ್ಲ. ಬಿಡಬೇಕೆಂದು ನಿರ್ಧರಿಸಿ ಬಿಟ್ಟಿದ್ದೆ. ಇವೆರಡೂ ಬೇರೆಬೇರೆ ಸಂಗತಿಗಳು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಚ್ಚಳ ತೆರೆದ ಹೊತ್ತನ್ನು ತಾನೇ ದಾಖಲಿಸಿಕೊಳ್ಳುವ ಎಲೆಕ್ಟ್ರಾನಿಕ್ ಡಬ್ಬಿಗಳ ಮೂಲಕ ರಕ್ತದೊತ್ತಡದ 4,783 ರೋಗಿಗಳು ಮಾತ್ರೆ ತೆಗೆದುಕೊಳ್ಳುವ ರೀತಿಯನ್ನು ಗಮನಿಸಿದ್ದರು. ಮಾತ್ರೆಯನ್ನು ಮುಂದುವರಿಸುತ್ತಿದ್ದವರಲ್ಲಿ ಯಾವುದೇ ಒಂದು ದಿನ ತಪ್ಪುತ್ತಿದ್ದದ್ದು ಸುಮಾರು 10 ಶೇಕಡಾ ಡೋಸ್ ಅಷ್ಟೇ. ಆದರೆ ಒಂದು ವರ್ಷ ಮುಗಿಯುವುದರೊಳಗೆ ಸುಮಾರು ಅರ್ಧದಷ್ಟು ಮಂದಿ ಮಾತ್ರೆಯನ್ನು ಪೂರ್ತಿಯಾಗಿ ನಿಲ್ಲಿಸಿಬಿಟ್ಟಿದ್ದರು. ಹೊಸದಾಗಿ ಬಿ.ಪಿ. ಪತ್ತೆಯಾದವರ ಪಾಲಿಗೆ ಮೊದಲ ವರ್ಷವೇ ಇಷ್ಟು ನಾಜೂಕಾದದ್ದು.

ನಿಲ್ಲಿಸುವವರನ್ನು ಅವಿವೇಕಿಗಳೆಂದು ನಾನು ಹೇಳಲಾರೆ. ಜ್ವರಕ್ಕೆ ಮಾತ್ರೆ ನುಂಗಿದರೆ ಜ್ವರ ಇಳಿದದ್ದು ಮೈಗೆ ತಿಳಿಯುತ್ತದೆ. ರಕ್ತದೊತ್ತಡದ ಮಾತ್ರೆ ಮೈಗೆ ತಿಳಿಯುವಂತೆ ಏನನ್ನೂ ಕೊಡುವುದಿಲ್ಲ. ನನ್ನ ಪಾಲಿಗೆ ತಿಳಿಯುವಂತೆ ಕೊಟ್ಟದ್ದು ಕಾಲೂತ ಒಂದೇ. ಮಾತ್ರೆ ಮಾಡುವ ಉಪಕಾರವೆಲ್ಲ ಆಗದೇ ಹೋದ ಪಾರ್ಶ್ವವಾಯುವಿನಲ್ಲಿ, ಆಗದೇ ಹೋದ ಹೃದಯಾಘಾತದಲ್ಲಿ ಇರುತ್ತದೆ, ಆಗದೇ ಹೋದದ್ದನ್ನು ಯಾರೂ ಕಾಣಲಾರರು. ಹಾಗಾಗಿ ನಾನು ಅಂಕಿಗಳ ಮೊರೆ ಹೋದೆ. 2016ರಲ್ಲಿ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದರ ಪ್ರಕಾರ, ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೆ ಪಾರ್ಶ್ವವಾಯುವಿನ ಅಪಾಯ ಸುಮಾರು 27 ಶೇಕಡಾ, ಹೃದಯ ವೈಫಲ್ಯದ ಅಪಾಯ ಸುಮಾರು 28 ಶೇಕಡಾ ತಗ್ಗುತ್ತದೆ. ನನ್ನದು 20ಕ್ಕಿಂತಲೂ ಹೆಚ್ಚು ಇಳಿದಿತ್ತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ರಕ್ತದೊತ್ತಡ 300/190ರ ಆಸುಪಾಸಿನಲ್ಲಿತ್ತು. ವೈದ್ಯರು ಜೊತೆಗೇ ಇದ್ದರು, ಕಾಯಿಲೆಯೂ ಗೊತ್ತಿತ್ತು, ಕೊಡಲು ತಕ್ಕ ಮಾತ್ರೆ ಇರಲಿಲ್ಲ. ಜನ ದಿನಾ ಸಹಿಸಿಕೊಂಡು ನುಂಗಬಲ್ಲಂಥ ಮೊದಲ ಔಷಧಿಗಳಲ್ಲಿ ಒಂದಾದ ಕ್ಲೋರೊಥಯಜೈಡ್ ಬಳಕೆಗೆ ಬಂದದ್ದು 1950ರ ದಶಕದ ಕೊನೆಗೆ. ಇದನ್ನು ಓದಿದ ದಿನ ನನ್ನ ಮಾತ್ರೆಯ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದೆ.

ಆಪ್ತರು ಹೇಳಿದ ಮಾತಿಗೂ ಉತ್ತರ ಸಿಕ್ಕಿತು. ಮಾತ್ರೆಯನ್ನು ಬಹುಪಾಲು ಜನರು ವರ್ಷಗಟ್ಟಲೆ ಮುಂದುವರಿಸಬೇಕಾಗುವುದು ದೇಹ ಅದಕ್ಕೆ ಅಂಟಿಕೊಳ್ಳುವುದರಿಂದಲ್ಲ, ಒತ್ತಡವನ್ನು ಏರಿಸುವ ಕಾರಣಗಳು ಒಳಗೆ ಹಾಗೆಯೇ ಉಳಿದಿರುವುದರಿಂದ. ತೂಕ ಇಳಿಸಿ, ಉಪ್ಪು ತಗ್ಗಿಸಿ, ನಿತ್ಯ ನಡೆದಾಡಿದವರಲ್ಲಿ ಕೆಲವರಿಗೆ ಪ್ರಮಾಣ ಕಡಿಮೆಯಾಗುವುದುಂಟು, ಅಪರೂಪಕ್ಕೆ ನಿಲ್ಲುವುದೂ ಉಂಟು; ಅದನ್ನು ವೈದ್ಯರ ಕಣ್ಣೆದುರಿನಲ್ಲಿ ಮಾಡಬೇಕು. ಕ್ಲೋನಿಡಿನ್‌ನಂಥ ಔಷಧಿಯನ್ನು ಥಟ್ಟನೆ ಬಿಟ್ಟರೆ ಒತ್ತಡ ಮೊದಲಿಗಿಂತಲೂ ಮೇಲಕ್ಕೆ ಚಿಮ್ಮಬಹುದು. ಹೃದಯದ ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್‌ಗಳನ್ನೂ ಹಠಾತ್ತಾಗಿ ನಿಲ್ಲಿಸುವುದು ಹೃದಯಕ್ಕೆ ಅಪಾಯ. ನನಗೆ ಏನೂ ಆಗಲಿಲ್ಲವೆಂಬುದು ನನ್ನ ಜಾಣತನವಲ್ಲ.

ವೈದ್ಯರು ನನ್ನನ್ನು ಬೇರೆ ಗುಂಪಿನ ಔಷಧಿಯಾದ 40 ಮಿಲಿಗ್ರಾಂನ ಟೆಲ್ಮಿಸಾರ್ಟಾನ್‌ಗೆ ಬದಲಾಯಿಸಿ, ಕೆಲವು ವಾರಗಳ ನಂತರ ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿದರು. ಗರ್ಭಿಣಿಯರಿಗೆ ಈ ಗುಂಪಿನ ಔಷಧಿ ಸಲ್ಲದಾದ್ದರಿಂದ, ಮಗುವಿನ ಯೋಚನೆಯಲ್ಲಿರುವವರು ಅದನ್ನು ಮೊದಲೇ ಹೇಳಬೇಕು. ಕಾಲೂತ ಇಳಿಯಿತು. ನೋವಿಗೆಂದು ತಾನೇ ಕೊಂಡು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ರಕ್ತದೊತ್ತಡವನ್ನು ಏರಿಸುತ್ತವೆ ಎಂಬುದನ್ನೂ ಆಗಲೇ ತಿಳಿದುಕೊಂಡೆ.

ಉಳಿದದ್ದು ಮರೆವು, ಅದು ಸುಲಭದ ಭಾಗ. ಬೆಳಿಗ್ಗೆಯೋ ರಾತ್ರಿಯೋ ಎಂಬ ಗೊಂದಲವಿತ್ತು. 2022ರಲ್ಲಿ ಪ್ರಕಟವಾದ, ಬ್ರಿಟನ್ನಿನ 21,104 ಜನರ ಮೇಲೆ ನಡೆದ ‘ಟೈಮ್’ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ತಪ್ಪದೆ ನೆನಪಿರುವ ಹೊತ್ತೇ ಸರಿಯಾದ ಹೊತ್ತು ಎಂದುಕೊಂಡು, ಬೆಳಿಗ್ಗೆ ಹಲ್ಲುಜ್ಜುವ ಕೆಲಸಕ್ಕೆ ಮಾತ್ರೆಯನ್ನು ಜೋಡಿಸಿದೆ. ವಾರದ ಏಳು ಖಾನೆಗಳ ಡಬ್ಬಿ ಅಲ್ಲೇ ಪಕ್ಕದಲ್ಲಿದೆ. ನುಂಗಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಖಾನೆಯೇ ಉತ್ತರ ಹೇಳುತ್ತದೆ. ಮರೆತದ್ದು ಅದೇ ದಿನ ನೆನಪಾದರೆ ನುಂಗುತ್ತೇನೆ, ಮರುದಿನದ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡುತ್ತೇನೆ, ಎರಡನ್ನು ಒಟ್ಟಿಗೆ ನುಂಗುವುದಿಲ್ಲ.

ಒತ್ತಡ ಬರೆದಿಡುವ ಪುಸ್ತಕದಲ್ಲಿ ಈಗ ಇನ್ನೊಂದು ಕಾಲಂ ಸೇರಿಸಿದ್ದೇನೆ. ತಪ್ಪಿದ ದಿನಕ್ಕೆ ಒಂದು ಕತ್ತರಿ ಗುರುತು, ಪಕ್ಕದಲ್ಲಿ ಕಾರಣ. ಮುಂದಿನ ವಾರ ವೈದ್ಯರ ಭೇಟಿಯಿದೆ. ಈ ಮೂರು ತಿಂಗಳಲ್ಲಿ ನಾಲ್ಕು ಕತ್ತರಿಗಳು ಬಿದ್ದಿವೆ. ಮೂರರ ಮುಂದೆ ‘ಮರೆತೆ’ ಎಂದಿದೆ, ಒಂದರ ಮುಂದೆ ‘ಬೇಡ ಅನ್ನಿಸಿತು’ ಎಂದಿದೆ. ಆ ಪುಟವನ್ನು ಹಾಗೆಯೇ ಅವರ ಮುಂದಿಡುತ್ತೇನೆ.